ಹೆಸರು ಹೇಳಿ ಕೇಳದೆ ಬರೆದ ಸಂಖ್ಯೆ

ಆ ದಿನ ತಪ್ಪು ಮಾಡಿದ್ದು ನಾನು. ಸುವರ್ಣಕ್ಕ ಅಲ್ಲ. ಇಷ್ಟೇ ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳು ಬೇಕಾದವು — ಹೇಳಿಬಿಟ್ಟೆ ನೋಡಿ, ಈಗ ಉಸಿರು ಸಲೀಸಾಗಿ ಆಡುತ್ತಿದೆ.

ಸುವರ್ಣಕ್ಕ ವಿಜಯಪುರದವರು, ಮದುವೆಯಾಗಿ ಈ ತೆಲುಗು ಊರಿನ ತಾರ್ನಾಕಕ್ಕೆ ಬಂದವರು. ನಾನು ಮೈಸೂರಿನವಳು, ಇದೇ ಊರಿನ ಇನ್ನೊಂದು ಬಡಾವಣೆ ಮಣಿಕೊಂಡದಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೆ. ತೆಲುಗು, ಹಿಂದಿ ತುಂಬಿದ ನಮ್ಮ ಆಫೀಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನಾನು ಸೇರಿದ ವಾರವೇ, "ಏ ಮೈಸೂರು, ಬರೇ ಅನ್ನಾ ತಿಂದು ಸೊರಗೀದಿ, ರೊಟ್ಟಿ ತಿನ್ನು ಬಾ" ಎಂದು ಡಬ್ಬಿ ಮುಂದಿಟ್ಟವರು ಅವರು. ಗ್ರಾಹಕರ ಡೇಟಾಬೇಸನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವುದು ಅವರ ಕೆಲಸ. ಪಳಗಿದ ಕೈ ಎಂದು ಮ್ಯಾನೇಜರೇ ಹೇಳುತ್ತಿದ್ದರು. ಡೇಟಾಬೇಸಿಗೆ ತನ್ನಿಂದ ತಾನೇ ಬಾರದ ಕೆಲಸಗಳನ್ನು ಕಲಿಸುವ ಎಕ್ಸ್‌ಟೆನ್ಷನ್ ಬರೆಯುವುದು ನನ್ನ ಕೆಲಸ.

ಅಂಥದೊಂದನ್ನು ರಕ್ತಪರೀಕ್ಷೆಯ ಒಂದು ಲ್ಯಾಬಿಗಾಗಿ ಬರೆದಿದ್ದೆ. ಸಕ್ಕರೆ ಇಷ್ಟು, ಹಿಮೋಗ್ಲೋಬಿನ್ ಇಷ್ಟು ಎಂಬ ಅಂಕಿಯ ಜೊತೆಗೆ ಅದರ ಅಳತೆಯ ಯೂನಿಟ್ಟನ್ನೂ ಸೇರಿಸಿ ಇಡುವ ಒಂದು ಹೊಸ ಟೈಪ್, ಅಂದರೆ ಮಾಹಿತಿಯ ಹೊಸ ಬಗೆ, ಮಾಡಿದ್ದೆ. ಆ ಟೈಪ್ ಕಂಡಲ್ಲೆಲ್ಲ ರಿಪೋರ್ಟಿನಲ್ಲಿ ಯೂನಿಟ್ ಅಚ್ಚಾಗಬೇಕು. ಆದರೆ ಎಕ್ಸ್‌ಟೆನ್ಷನ್ನಿಗೆ ಆ ಟೈಪಿನ ಗುರುತು ಸಿಗುವುದು ಹೇಗೆ? ಡೇಟಾಬೇಸು ತನ್ನೊಳಗೆ ಏನೇನಿದೆ ಎಂಬ ವಿವರವನ್ನು ತಾನೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಸಿಸ್ಟಮ್ ಕ್ಯಾಟಲಾಗ್ ಅನ್ನುತ್ತೇವೆ. ಅಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಡೇಟಾಬೇಸಿನ ಜೊತೆಗೇ ಬಂದ ಟೈಪುಗಳಿಗೆ ಎಲ್ಲಿ ಹೋದರೂ ಅದೇ ಸಂಖ್ಯೆ. ನಾವು ಆಮೇಲೆ ಸೇರಿಸಿದ್ದಕ್ಕೆ ಹಾಗಲ್ಲ; ಆಸ್ಪತ್ರೆಯ ಟೋಕನ್ ಇದ್ದಂತೆ, ಇಂದು ಸಿಕ್ಕಿದ್ದೇ ನಾಳೆಯೂ ಸಿಗಬೇಕೆಂದಿಲ್ಲ. ಅದಕ್ಕೇ ಕ್ಯಾಟಲಾಗಿಗೆ ಹೆಸರು ಹೇಳಿ, ಅಲ್ಲಿಯ ಸಂಖ್ಯೆ ಯಾವುದೆಂದು ಕೇಳಿ ಪಡೆಯಬೇಕು.

ನನಗೆ ಇದೆಲ್ಲ ಗೊತ್ತಿತ್ತು. ತಿಳಿಯದೆ ಮಾಡಿದೆ ಎನ್ನುವ ಸಮಾಧಾನವೂ ನನಗಿಲ್ಲ. ಕೇಳಿ ಪಡೆಯುವುದಕ್ಕೆ ಇನ್ನಷ್ಟು ಕೋಡ್ ಬರೆಯಬೇಕಿತ್ತು, ನನಗೆ ಬೇಸರ — ಲ್ಯಾಬಿನ ಸರ್ವರಿನಲ್ಲಿ ಆ ಟೈಪಿಗೆ ಸಿಕ್ಕಿದ್ದ ಸಂಖ್ಯೆ ನೋಡಿ, ಅದನ್ನೇ ನೇರವಾಗಿ ಕೋಡಿನೊಳಗೆ ಬರೆದುಬಿಟ್ಟೆ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಮರೆತೆ.

ಲ್ಯಾಬಿನವರು ಹೊಸ ಸರ್ವರ್ ತಂದರು. ಸುವರ್ಣಕ್ಕ ಎಲ್ಲವನ್ನೂ ಅಲ್ಲಿಗೆ ಸಾಗಿಸಿದರು. ಮರುದಿನ ರಿಪೋರ್ಟುಗಳೆಲ್ಲ ಯೂನಿಟ್ ಇಲ್ಲದೆ, ಬರೀ ಅಂಕಿ ಹೊತ್ತು ಹೊರಬಂದವು. ಡಾಕ್ಟರುಗಳ ಫೋನಿನ ಮೇಲೆ ಫೋನು. ಲ್ಯಾಬಿನವರು ರಿಪೋರ್ಟ್ ಕೊಡುವುದನ್ನೇ ನಿಲ್ಲಿಸಿದರು. ಪುಣ್ಯಕ್ಕೆ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಆದರೆ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು ಅಕ್ಕನನ್ನು ನಿಲ್ಲಿಸಿ ಬೈದರು. ಹೊಸ ಸರ್ವರಿನಲ್ಲಿ ಆ ಟೈಪಿನ ಸಂಖ್ಯೆ ಬದಲಾಗಿದೆ, ನನ್ನ ಕೋಡು ಹಳೆಯದನ್ನೇ ಹುಡುಕುತ್ತಿದೆ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು — ಬಾಯಿ ಬಿಡಲಿಲ್ಲ.

ಹೊರಗೆ ಬಂದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. "ನನ್ನ ಕಡಿಂದ ಏನೋ ತಪ್ಪಾಗೇತಿ, ತಂಗಿ. ಏನಂತ ತಿಳಿವಲ್ದು."

ನಾನು ಹೇಳಿದ್ದು ಒಂದೇ ಮಾತು. "ಇರಬಹುದು ಅಕ್ಕ."

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದವಳು ನೆಟ್ಟಗೆ ನಿಂತಿದ್ದೆ, ಹೆಗಲು ಮುಟ್ಟಿ ನೋಡಿಕೊಂಡವರು ಅಕ್ಕ. ಅಷ್ಟಕ್ಕೇ ಮುಗಿಯಲಿಲ್ಲ. ಸದ್ದಿಲ್ಲದೆ ಕೋಡನ್ನು ಸರಿಮಾಡಿ, ಕ್ಯಾಟಲಾಗಿಗೆ ಹೆಸರು ಹೇಳಿ ಕೇಳುವಂತೆ ಬದಲಿಸಿ, ಸಣ್ಣಪುಟ್ಟ ಸುಧಾರಣೆ ಎಂದು ಬರೆದು ಹೊಸ ಆವೃತ್ತಿ ಕೊಟ್ಟೆ. ಅಕ್ಕ ಮತ್ತೆ ಮೊದಲಿನಿಂದ ಸಾಗಿಸಿದರು. ಎಲ್ಲ ಸರಿಯಾಯಿತು! ನೋಡಿ, ಎರಡನೇ ಸಲ ಗಮನವಿಟ್ಟು ಮಾಡಿದ್ದಕ್ಕೆ ಸರಿಯಾಯಿತು ಎಂದರು ಎಲ್ಲರೂ. ಅಕ್ಕನೂ ಹಾಗೇ ನಂಬಿದರು. ನಾನು ಮಾಡಿದ ದುರಸ್ತಿಯೇ ಅವರ ವಿರುದ್ಧ ಸಾಕ್ಷಿಯಾಯಿತು. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಅವರನ್ನು ಆ ಕೆಲಸದಿಂದ ತೆಗೆದು ಗ್ರಾಹಕರ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ನನಗೆ ಬಡ್ತಿ ಬಂತು, ತಂಡದ ಮುಂದಾಳಾದೆ. ಮಧ್ಯಾಹ್ನದ ಊಟಕ್ಕೆ ಮಾತ್ರ ನಾವು ಎಂದಿನಂತೆ ಜೊತೆಗೇ ಕೂರುತ್ತಿದ್ದೆವು. ಹೇಗೆ ಕೂತೆನೋ, ಹೇಗೆ ತಿಂದೆನೋ —

ಕಳೆದ ತಿಂಗಳು ಅವರ ಮಗಳಿಗೆ ಕೆಲಸ ಸಿಕ್ಕಿತು. ಊಟದ ಹೊತ್ತಿನಲ್ಲಿ ನಗುತ್ತಲೇ ಹೇಳಿದರು, "ಮಗಳಿಗೆ ಹೇಳೀನಿ, ನಿಮ್ಮವ್ವನಂಗ ಗಡಿಬಿಡಿ ಮಾಡಿ ಹೆಸರು ಕೆಡಿಸ್ಕೋಬ್ಯಾಡ ಅಂತ." ನನ್ನ ಒಂದು ಸುಳ್ಳನ್ನು ಅವರು ತಮ್ಮ ಸ್ವಭಾವವೆಂದು ಒಪ್ಪಿಕೊಂಡು, ಈಗ ಮಗಳಿಗೂ ಬುದ್ಧಿಮಾತಾಗಿ ಹೇಳುತ್ತಿದ್ದರು.

ಆ ಭಾನುವಾರ ತಾರ್ನಾಕದ ಅವರ ಮನೆಗೆ ಹೋದೆ. ಕೊಟ್ಟ ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದೆ. ಅಕ್ಕ ತಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅಂದ್ರ ನಂದೇನೂ ತಪ್ಪಿರಲಿಲ್ಲಾ?"

"ಏನೂ ಇರಲಿಲ್ಲ ಅಕ್ಕ."

ಅವರು ನನ್ನ ಕಡೆ ನೋಡಲೂ ಇಲ್ಲ. ಒಳಗಿದ್ದ ಗಂಡನನ್ನು ಕೂಗಿದರು, "ರೀ, ಕೇಳಿದ್ರೇನು? ಅದು ನಂದಲ್ಲಂತ್ರಿ! ನನ್ನ ತಪ್ಪಲ್ಲಂತ!" ಆ ದನಿಯಲ್ಲಿದ್ದ ಹಗುರ — ಅದನ್ನು ಇಷ್ಟು ವರ್ಷ ನಾನು ಅವರಿಗೆ ಕೊಡದೆ ಇಟ್ಟುಕೊಂಡಿದ್ದೆ.

ಆಮೇಲೆ ಸಿಟ್ಟು ಬಂತು. ಬರಲೇಬೇಕಿತ್ತು. "ಮನಿ ಕೀಲಿ ಹಾಕಿದ್ರೂ ತಿರುಗಿ ಬಂದು ಜಗ್ಗಿ ನೋಡ್ತಿದ್ನೆವ್ವ. ನನ್ನ ಮ್ಯಾಲೆ ನನಗ ನಂಬಿಗಿ ಇಲ್ದಂಗ ಮಾಡಿದಿ ನೀ." ಕಣ್ಣೊರೆಸಿಕೊಂಡು ಮತ್ತೆ ಹೇಳಿದರು, "ನನಗಷ್ಟ ಹೇಳಿದ್ರ ಸಾಲಂಗಿಲ್ಲ. ಅವರೆಲ್ಲಾರ ಮುಂದ ಹೇಳು."

ಹೇಳಿದೆ. ಸೋಮವಾರದ ಮೀಟಿಂಗಿನಲ್ಲಿ ಎದ್ದು ನಿಂತು, ನನಗೆ ಬರುವಷ್ಟು ತೆಲುಗಿನಲ್ಲೇ ಹೇಳಿದೆ. ಮ್ಯಾನೇಜರ್ ತಲೆ ತಗ್ಗಿಸಿದರು. ತಂಡದ ಮುಂದಾಳತ್ವ ನನ್ನ ಕೈತಪ್ಪಿತು, ಸರಿಯಾಗಿಯೇ ತಪ್ಪಿತು. ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ಒರಗಿ, ದಾರಿಯ ಮೆಹದಿಪಟ್ಟಣಂ ಬಂದದ್ದೂ ತಿಳಿಯದಂತೆ ನಿದ್ದೆ ಮಾಡಿದೆ. ಅಂಥ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ.

ಅಕ್ಕ ಕ್ಷಮಿಸಿದ್ದಾರೆಯೇ? ಗೊತ್ತಿಲ್ಲ. ಕೇಳುವುದೂ ಇಲ್ಲ. ಅವರಿಗೆ ಹಳೆಯ ಕೆಲಸ ವಾಪಸು ಸಿಕ್ಕಿದೆ. ಅವರೀಗ ಮೊದಲು ಸಾಗಿಸಬೇಕಾದ ಡೇಟಾಬೇಸಿನಲ್ಲೇ ನಾನು ಬರೆದ ಎಕ್ಸ್‌ಟೆನ್ಷನ್ ಇದೆ. ನಿನ್ನೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನೀ ಬರ್ದಿದ್ದು ಪೂರಾ ತೋರ್ಸು. ಕ್ಯಾಟಲಾಗ್ ಎಲ್ಲೆಲ್ಲಿ ಕೇಳೀದಿ, ಎಲ್ಲೆಲ್ಲಿ ಕೇಳಿಲ್ಲ, ಎಲ್ಲಾ ನಾ ನೋಡಬೇಕು. ಆಮ್ಯಾಲೆ ಸಾಗಸ್ತೀನಿ."

ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಒಂದೊಂದೇ ಸಾಲು ಓದುತ್ತಾ ಹೋದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ.