ಗೆರೆ ದಾಟಿದ ಗಾಲಿ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಬಲೇಶ್ವರದ ಶಾಲೆಯಲ್ಲಿ ಬಹಳ ವರ್ಷಗಳಿಂದ ಕಲಿಸುತ್ತಿದ್ದೇನೆ. ನಾನು ವರಾಂಡದಲ್ಲಿ ಕೆಮ್ಮಿದರೆ ಸಾಕು, ಮೂರು ಕ್ಲಾಸು ಗಪ್ಪಾಗುತ್ತವೆ. ಮನೆಯಲ್ಲೂ ಅಷ್ಟೇ. ಮಗ, ಮಗಳು ಇಬ್ಬರೂ ಸೈಕಲ್ ರೇಸಿನ ಹಿಂದೆ ಬಿದ್ದ ಮೇಲೆ ಆ ಬಾಯಿ ರಸ್ತೆಗೂ ಬಂತು. ನಸುಕಿನಲ್ಲಿ ಮಗಳು ವಿಜಯಪುರದಿಂದ ತಿಕೋಟಾ ಕಡೆಗೆ ತುಳಿಯುತ್ತಿದ್ದರೆ ನಾನು ಸ್ಕೂಟಿಯ ಮೇಲೆ ಅವಳ ಹಿಂದೆ. "ತಲಿ ತಗ್ಗಿಸು! ಮೊಣಕೈ ಒಳಗ! ಏನ್, ಸಂತಿಗಿ ಹೊಂಟೀ?" ಹೊನವಾಡದಿಂದ ಬರುವ ಮೊದಲ ಬಸ್ಸಿನವರು ಕಿಟಕಿಯಿಂದ ಇಣುಕಿ ನಗುತ್ತಿದ್ದರು. ನಗಲಿ, ನನಗೇನು? ಮನೆಗೆ ಬಂದು ರೊಟ್ಟಿ ಕಟ್ಟಿಕೊಂಡು, ಸಾರವಾಡದ ಮೇಲೆ ಹೋಗುವ ಬಸ್ಸು ಹಿಡಿದರೆ ಶಾಲೆಯ ಗಂಟೆಗೆ ಸರಿಹೋಗುತ್ತಿತ್ತು. ಮನೆಯವರು ಕಚೇರಿ ಕೆಲಸದವರು. ಸೈಕಲ್ಲಿನ ಖಾತೆ ನಿನ್ನದು ಎಂದು ಎಂದೋ ಕೈ ತೊಳೆದುಕೊಂಡಿದ್ದರು.

ಆ ದಿನ ರಾಜ್ಯ ತಂಡದ ಆಯ್ಕೆ ಇತ್ತು. ಮಗಳ ವಯಸ್ಸಿನ ಗುಂಪಿನಲ್ಲಿ ಇಬ್ಬರೇ ಹುಡುಗಿಯರನ್ನು ತೆಗೆದುಕೊಳ್ಳುವವರಿದ್ದರು. ಹಿಂದಿನ ವರ್ಷ ಅವಳು ಮೂರನೆಯವಳಾಗಿ ಹೊರಗುಳಿದಿದ್ದಳು. ಮುಂದಿನ ವರ್ಷಕ್ಕೆ ಆ ಗುಂಪಿನ ವಯಸ್ಸು ಮೀರುತ್ತದೆ. ಹೀಗಾಗಿ ಇದ್ದದ್ದು ಅದೊಂದೇ ಬೆಳಗು. ತಿಕೋಟಾ ರಸ್ತೆಯಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಅರ್ಧ ದಾರಿಯಲ್ಲಿ ತಿರುಗಿ ಹೊರಟಲ್ಲಿಗೇ ಬರಬೇಕು. ಯಾರ ಸಮಯ ಕಡಿಮೆಯೋ ಅವರು ಗೆದ್ದರು.

ಇನ್ನೊಂದು ನಿಯಮವಿದೆ. ಎಳೆ ಮೊಣಕಾಲಿಗೆ ಪೆಟ್ಟಾಗಬಾರದೆಂದು ಮಕ್ಕಳಿಗೆ ಭಾರದ ಗೇರು ಕೊಡುವುದಿಲ್ಲ. ಅದನ್ನು ನೋಡಲು ರಸ್ತೆಯ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದಿರುತ್ತಾರೆ. ಗಾಲಿಯನ್ನು ಮೊದಲ ಗೆರೆಯ ಮೇಲಿಟ್ಟು, ಪೆಡಲ್ ಒಂದು ಸುತ್ತು ಬರುವಷ್ಟು ಸೈಕಲ್ಲನ್ನು ಹಿಂದಕ್ಕೆ ಉರುಳಿಸುತ್ತಾರೆ. ಗಾಲಿ ಎರಡನೇ ಗೆರೆ ದಾಟಿತೋ, ಗೇರು ಭಾರದ್ದು, ನೀವು ಹೊರಗೆ. ಓಟ ಶುರುವಾಗುವ ಮೊದಲು ಒಮ್ಮೆ, ಮುಗಿಸಿ ಬಂದ ಕೂಡಲೇ, ಕಡಿಮೆ ಸಮಯ ತೆಗೆದುಕೊಂಡವರದ್ದು ಇನ್ನೊಮ್ಮೆ. ಇದು ನನಗೆ ಗೊತ್ತಿರಲಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ನಾನೇ ನಿಂತು ಮೊದಲ ಪರೀಕ್ಷೆ ಮಾಡಿಸಿದ್ದೆ, ಗಾಲಿ ಗೆರೆಯ ಒಳಗೇ ನಿಂತಿತ್ತು.

ಅವಳ ಸರದಿಗೆ ಇನ್ನೇನು ಐದಾರು ನಿಮಿಷ ಇದೆ ಅನ್ನುವಾಗ ಹಿಂದಿನ ಗಾಲಿಗೆ ಜಾಲಿಮುಳ್ಳು ಚುಚ್ಚಿ ಉಸ್ಸೆಂದಿತು. ಅಯ್ಯೋ ನಮ್ಮವ್ವ! ಪಂಚರ್ ತೆಗೆಯಲು ಹೊತ್ತಿಲ್ಲ. ಸಾಮಾನು ಹೇರಿಕೊಂಡು ಬಂದಿದ್ದ ನಮ್ಮ ಬಾಡಿಗೆ ಆಟೋ, ಟಂಟಂನಲ್ಲಿ ಮಗನ ರೇಸಿನ ಗಾಲಿ ಇತ್ತು. ಅವನ ಗುಂಪಿನ ಓಟ ಮಧ್ಯಾಹ್ನಕ್ಕೆ. ಅವನು ಬೇರೆ ಗಾಲಿ ಹಾಕಿಕೊಂಡು ಮೈ ಬಿಸಿ ಮಾಡಿಕೊಳ್ಳಲು ಹೋಗಿದ್ದ. ನಾನು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತೆ. ಗಾಲಿ ಬಿಚ್ಚಿ ಹಾಕುವುದರಲ್ಲಿ ನನ್ನ ಕೈ ಬಲು ಚುರುಕು, ಅದರ ಸೊಕ್ಕೂ ನನಗಿತ್ತು.

ಮಗಳು ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ಸಣ್ಣದೊಂದು ಸ್ಕ್ರೂಡ್ರೈವರ್.

"ಯವ್ವಾ, ಒಂದ್ ನಿಮಿಷ ತಡಿ ಬೇ. ಆ ಗಾಲಿ..."

"ನಿಮಿಷ ಎಲ್ಲೈತಿ? ನಂಬರ್ ಕೂಗಾಕತ್ತಾರ. ಆ ಸ್ಕ್ರೂಡ್ರೈವರ್ ತಗೊಂಡು ಏನ್ ಆಟಾ ಆಡ್ತಿ? ತಾ ಇಲ್ಲಿ!"

"ಅದಲ್ಲ ಬೇ, ನಾ ಹೇಳೂದು..."

"ಮಾತ್ ಆಮ್ಯಾಲ. ಬಾಯಿ ಮುಚ್ಚಿ ಹತ್ತು!"

ಅವಳು ಬಾಯಿ ಮುಚ್ಚಿದಳು, ಹತ್ತಿದಳು. ಸ್ಕ್ರೂಡ್ರೈವರನ್ನು ಕಸಿದು ನಾನು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಐದು, ನಾಲ್ಕು, ಮೂರು ಎಂದು ಎಣಿಸಿ ಅವಳನ್ನು ಬಿಟ್ಟರು. ಎಂಥ ಹೊಡೆತ ಅಂತೀರಿ! ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದಲ್ಲಿದ್ದವರು ಕಿವಿ ಮುಚ್ಚಿಕೊಂಡರು.

ಐದು ನಿಮಿಷಕ್ಕೆ ಮಗ ಬಂದ. ಟಂಟಂನೊಳಗೆ ಇಣುಕಿದ.

"ಯವ್ವಾ, ನನ್ನ ಗಾಲಿ ಎಲ್ಲಿ?"

"ನಿನ್ನ ತಂಗಿಗಿ ಹಾಕೇನಿ. ಪಂಚರ್ ಆಗಿತ್ತು."

ಅವನ ಮುಖ ಇಳಿಯಿತು. "ಸ್ಕ್ರೂ ತಿರುವಿದಿ ಇಲ್ಲೋ?"

"ಯಾವ ಸ್ಕ್ರೂ?"

"ನನ್ನ ಗಾಲ್ಯಾಗ ಸಣ್ಣ ಹಲ್ಲಿನ ಚಕ್ರ ಐತಿ ಬೇ, ದೊಡ್ಡೋರದು. ಸೈಕಲ್ಲಿನ ಹಿಂದ ಚೈನ್ ಬಾಜೂಕಿನ ಸ್ಕ್ರೂ ನಾಕ್ ಸಲ ತಿರುವಿದ್ರ ಚೈನ್ ಅದರ ಮ್ಯಾಲ ಬೀಳೂದಿಲ್ಲ, ಗೇರ್ ಪಾಸ್ ಆಗತೈತಿ. ತಿರುವಲಿಲ್ಲಂದ್ರ ಗೆರಿ ದಾಟತೈತಿ. ಅಕಿ ಹೇಳಲಿಲ್ಲೇನ? ಅಕಿಗೆಲ್ಲಾ ಗೊತ್ತೈತಲ್ಲ!"

ಬ್ಯಾಗಿನಲ್ಲಿ ಕೈ ಹಾಕಿದರೆ ಆ ಸ್ಕ್ರೂಡ್ರೈವರ್ ಸಿಕ್ಕಿತು. ಅರ್ಧ ನಿಮಿಷದ ಕೆಲಸ. ಅವಳು ಕೇಳಿದ್ದೂ ಒಂದೇ ನಿಮಿಷ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದೇನೋ. ಈಗ ರಸ್ತೆಯ ಬದಿಯಲ್ಲಿ ನಿಂತು ತಿಕೋಟಾ ದಿಕ್ಕಿಗೆ ಕಣ್ಣು ನೆಟ್ಟೆ. ನಿಧಾನ ಬಂದರೆ ಸಮಯ ಹೋಯಿತು, ಜೋರು ಬಂದರೆ ಗೆರೆ ದಾಟಿತು. ಯಾವ ದೇವರಿಗೆ ಏನೆಂದು ಬೇಡಿಕೊಳ್ಳಲಿ? ಆ ಹೊತ್ತಿಗೆ ನನ್ನ ತಲೆಗೆ ಬಂದದ್ದು ದೇವರಲ್ಲ. ಓಟ ಮುಗಿಯುವ ಜಾಗಕ್ಕೂ ಸುಣ್ಣದ ಗೆರೆಗಳಿಗೂ ನಡುವೆ ನಲವತ್ತು ಐವತ್ತು ಹೆಜ್ಜೆ. ಮಧ್ಯದಲ್ಲಿ ನಮ್ಮ ಟಂಟಂ. ಅದರ ಮರೆಗೆ ಕರೆದು ನೀರು ಕೊಡುವ ನೆಪದಲ್ಲಿ ನಾಲ್ಕು ಸಲ ತಿರುವಿದರೆ ಯಾರಿಗೆ ಗೊತ್ತಾಗುತ್ತದೆ? ಪರೀಕ್ಷೆಯಲ್ಲಿ ಮಕ್ಕಳ ಕೈಯಿಂದ ಚೀಟಿ ಕಸಿದು ಹೊರಗೆ ನಿಲ್ಲಿಸುವವಳು ನಾನು. ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿದು ಟಂಟಂ ಪಕ್ಕದಲ್ಲಿ ನಿಂತೆ. ಮಗ ನನ್ನ ಕೈ ನೋಡಿದ, ಆಮೇಲೆ ಮುಖ ಆ ಕಡೆ ತಿರುಗಿಸಿದ.

ದೂರದಲ್ಲಿ ಅವಳ ಹಳದಿ ಹೆಲ್ಮೆಟ್ ಕಾಣಿಸಿತು. ಎದುರು ಗಾಳಿ ಬೀಸುತ್ತಿತ್ತು. ತಲೆ ತಗ್ಗಿಸಿದ್ದಳು, ಮೊಣಕೈ ಒಳಗಿತ್ತು. ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಮುಗಿಸಿದಾಗ ಗಡಿಯಾರ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ಬಂದವರಲ್ಲಿ ಅವಳದೇ ಕಡಿಮೆ ಸಮಯ.

"ಇತ್ತ ಬಾ! ನೀರ್ ಕುಡದ್ ಹೋಗು!" ಎಂದು ಕೂಗಿದೆ.

ಅವಳು ನನ್ನ ಮುಖ ನೋಡಿದಳು, ಮುಷ್ಟಿ ನೋಡಿದಳು. ಬ್ರೇಕು ಹಿಡಿಯಲಿಲ್ಲ. ನನ್ನನ್ನು ದಾಟಿ ನೇರ ಗೆರೆಗಳ ಹತ್ತಿರ ಹೋಗಿ ಇಳಿದಳು. ಹುಟ್ಟಿದಾಗಿನಿಂದ ನನ್ನ ಮಾತು ಮೀರಿದ್ದು ಅದೇ ಮೊದಲು.

ಪರೀಕ್ಷಕರು ಚೈನನ್ನು ಸಣ್ಣ ಹಲ್ಲಿಗೆ ಹಾಕಿ, ಗಾಲಿಯನ್ನು ಮೊದಲ ಗೆರೆಯ ಮೇಲಿಟ್ಟು ಹಿಂದಕ್ಕೆ ಉರುಳಿಸತೊಡಗಿದರು. ಪೆಡಲ್ ಮೆಲ್ಲಗೆ ಮೇಲೆ ಬಂತು. ಸುತ್ತು ಇನ್ನೂ ಪೂರ್ತಿಯಾಗಿರಲಿಲ್ಲ, ಗಾಲಿ ಎರಡನೇ ಗೆರೆ ಮುಟ್ಟಿತು. ಆಮೇಲೆ ದಾಟಿತು. ಒಂದು ಗೇಣು.

"ದಾಟೈತ್ರಿ," ಎಂದರು ಅವರು.

"ಅಕಿ ಸಣ್ಣ ಹಲ್ಲಿಗಿ ಹಾಕೇ ಇಲ್ರಿ! ತಪ್ಪು ನಂದ್ರಿ! ಗಾಲಿ ಹಾಕಿದಾಕಿ ನಾನು!"

"ಹಾಕ್ಯಾಳೋ ಇಲ್ಲೋ ನಾವೇನ್ ಹಿಂದ ಹೋಗಿ ನೋಡೇವೇನ್ರಿ, ಟೀಚರ್? ನಿಯಮ ಎಲ್ಲಾರಿಗೂ ಒಂದ."

ನಾನು ಇನ್ನೂ ಏನೋ ಒದರುವವಳಿದ್ದೆ. ಮಗಳು ನನ್ನ ತೋಳು ಹಿಡಿದಳು. "ಸಾಕ್ ಮಾಡಬೇ," ಎಂದಳು. ಕಾಗದದ ಮೇಲೆ ಅವಳ ಹೆಸರಿನ ಮೇಲೆ ಗೀಟು ಬಿತ್ತು.

ಮಗನ ಓಟಕ್ಕೆ ಇನ್ನೂ ಹೊತ್ತಿತ್ತು. ನಿಂತ ಟಂಟಂನಲ್ಲಿ ಅವಳು ನನ್ನ ಎದುರಿಗೆ ಕುಳಿತಳು, ಅಳಲಿಲ್ಲ. ಕೊನೆಗೆ ತಡೆಯಲಾಗದೆ ಕೇಳಿದೆ.

"ಗೇರ್ ಫೇಲ್ ಆಗತೈತಿ ಅಂತ ಮೊದಲ ಗೊತ್ತಿತ್ತಲ್ಲ ನಿನಗ? ಗೊತ್ತಿದ್ದೂ ಯಾಕ ಅಷ್ಟ್ ಜೀವಾ ಹಾಕಿ ತುಳದಿ?"

ಅವಳು ಶೂಸಿನ ಪಟ್ಟಿ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮೆಲ್ಲಕ ಹ್ವಾದ್ರ ನೀ ಬೈತಿದ್ದಿ."

ಅಷ್ಟೇ. ಸಿಟ್ಟಿನಿಂದಲೂ ಹೇಳಲಿಲ್ಲ, ಲೆಕ್ಕದ ಉತ್ತರ ಹೇಳಿದ ಹಾಗೆ ಹೇಳಿದಳು. ನಾನು ಮುಷ್ಟಿ ಬಿಚ್ಚಿ ಸ್ಕ್ರೂಡ್ರೈವರನ್ನು ಅವಳ ಚೀಲದೊಳಗೆ ಹಾಕಿದೆ. ಮಗ ಹೊರಗೆ ನೋಡುತ್ತಾ ಕುಳಿತಿದ್ದ.

ಈಗ ಅವಳು ದೊಡ್ಡವರ ಗುಂಪಿನಲ್ಲಿ ತುಳಿಯುತ್ತಾಳೆ. ಸ್ಕ್ರೂಡ್ರೈವರ್ ಅವಳ ಚೀಲದಲ್ಲೇ ಇರುತ್ತದೆ, ನಾನು ಮುಟ್ಟುವುದಿಲ್ಲ. ಪ್ರತಿ ಓಟಕ್ಕೆ ಮೊದಲು ಸೈಕಲ್ಲಿನ ಸೀಟು ಹಿಡಿದು, ದನಿ ಎಷ್ಟು ತಗ್ಗುತ್ತದೋ ಅಷ್ಟು ತಗ್ಗಿಸಿ ಕೇಳುತ್ತೇನೆ: "ಏನರ ಹೇಳೂದೈತೇನವಾ?"

"ಏನಿಲ್ಲ ಬೇ," ಅನ್ನುತ್ತಾಳೆ.

ನಿಜವಾಗಿ ಏನೂ ಇಲ್ಲವೋ, ನನ್ನ ಮುಖ ನೋಡಿ ಹಾಗನ್ನುತ್ತಾಳೋ, ಇನ್ನೂ ನನಗೆ ಗೊತ್ತಾಗುವುದಿಲ್ಲ. ನಂಬರ್ ಕೂಗುತ್ತಿದ್ದರೂ ಸೀಟು ಬಿಡದೆ ಇನ್ನೊಂದು ನಿಮಿಷ ನಿಂತಿರುತ್ತೇನೆ.