ಆರೈಕೆ ಬೇಡದ ಹುಲ್ಲು

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ನನಗೆಂದು ನಾನು ಕೇಳಿದ್ದು ಅಂಗಳದಲ್ಲಿ ಒಂದಿಷ್ಟು ಹುಲ್ಲು. ತುರುವೇಕೆರೆಯ ನರ್ಸರಿಯವನು, "ನೀರು ಕಮ್ಮಿಯಾದ್ರೂ ನಡೀತೈತೆ, ತುಳಿದ್ರೂ ಸಾಯಲ್ಲ. ಬಿಸಿಲೊಂದು ಬೀಳ್ಬೇಕು ಕಣಮ್ಮ" ಎಂದು ಹೇಳಿ ಕೊಟ್ಟಿದ್ದ. ತೆಂಗಿನ ನೆರಳಿಲ್ಲದ ಜಾಗ ನಮಗಿರುವುದು ಅಂಗಳವೊಂದೇ. ಅಲ್ಲೇ ನೆಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಾಸಿಗೆಯಂತೆ ಹಬ್ಬಿತು.

ಕೊಬ್ಬರಿಗೆಂದು ವರ್ಷವಿಡೀ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸುವ ದಿನ ಬಂತು. ಗಂಡ ಆಳುಗಳಿಗೆ ಜಗುಲಿಯಿಂದಲೇ ಕೂಗಿದರು: "ಹುಲ್ಲಿನ್ ಮೇಲೇ ಎಸೀರ್ಲಾ, ಮೆತ್ತಗೈತೆ, ಒಳಗಿನ ಕೊಬ್ಬರಿ ಒಡೆಯಲ್ಲ."

ಕಾಯಿ ಅಲ್ಲೇ ಸುಲಿದರು. ಸಿಪ್ಪೆಯ ಗುಡ್ಡೆಯನ್ನು ಯುಗಾದಿಯವರೆಗೂ ಯಾರೂ ಎತ್ತಲಿಲ್ಲ. ಎತ್ತಿದಾಗ ಹುಲ್ಲು ಬಿಳಿಚಿಕೊಂಡು ಸತ್ತಿತ್ತು.

"ಹುಲ್ ತಾನೆ, ಮತ್ತೆ ಬತ್ತೈತೆ ಬುಡು" ಎಂದರು ಗಂಡ.

ಇವರ ಮನೆಯವರು ನನ್ನನ್ನು ನೋಡಲು ಬಂದಿದ್ದ ದಿನ ನನ್ನಪ್ಪ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು: "ನಮ್ ಹುಡ್ಗೀಗೆ ಏನೂ ಬೇಡ ಕಣ್ರೀ, ಎಲ್ಲಾದ್ರೂ ಹೊಂದ್ಕೋತಾಳೆ."

ಬಿಸಿಲೊಂದು ಬೇಕು ಅಂತ ಆ ನರ್ಸರಿಯವನಾದರೂ ಹೇಳಿದ್ದ. ಅಪ್ಪ ಅಷ್ಟನ್ನೂ ಹೇಳಲಿಲ್ಲ.