ಗುಳಿಗೆಗೂ ಮೊದಲು ರೊಟ್ಟಿ

ಬೆಳಗಿನ ಆರೂಕಾಲು. ಬಾಗಲಕೋಟೆಯ ನವನಗರದಲ್ಲಿ ಎಲ್ಲ ರಸ್ತೆಗಳೂ ಒಂದೇ ಥರ, ನೆಟ್ಟ ಗಿಡಗಳಿನ್ನೂ ಮೊಣಕಾಲೆತ್ತರ. ಹೆಗಲಿಗೆ ಔಷಧಿಯ ಚೀಲ ಹಾಕಿಕೊಂಡ ಆರೋಗ್ಯ ಸಹಾಯಕಿ ನೀಲಾಬಾಯಿ ತಗಡಿನ ಬಾಗಿಲೊಂದನ್ನು ಬಡಿಯುತ್ತಾರೆ.

"ರೋಷನಬಿ, ಹೊಟ್ಟಿಗೆ ಏನರ ಹಾಕ್ಕೊಂಡಿ ಏನಬೇ?"

"ರೊಟ್ಟಿ ಬಂದಿತ್ರಿ ಬಾಯಾರ, ತಿಂದೇನಿ."

ಆಮೇಲೆಯೇ ಕ್ಷಯದ ಗುಳಿಗೆಗಳು ಚೀಲದಿಂದ ಹೊರಬರುತ್ತವೆ. ಎಲ್ಲವನ್ನೂ ನುಂಗುವ ತನಕ ನೀಲಾಬಾಯಿ ಕದಲುವುದಿಲ್ಲ. "ಬಾಯಿ ತಗಿ. ನಾಲಿಗಿ ಎತ್ತು. ಹಾಂ, ಆತು."

ಹಳೇ ಬಟ್ಟೆಯ ಕೌದಿ ಹೊಲಿದು ಬದುಕುವ ರೋಷನಬಿಗೆ ಇದು ಆರು ತಿಂಗಳ ಚಿಕಿತ್ಸೆಯ ಕೊನೆಯ ದಿನ. ಕಳೆದ ವಾರದ ಕಫದ ಪರೀಕ್ಷೆಯಲ್ಲಿ ರೋಗಾಣು ಕಂಡಿಲ್ಲ.

ನಲವತ್ತೇಳರ ನೀಲಾಬಾಯಿಯವರದು ಇಪ್ಪತ್ತೆರಡು ವರ್ಷದ ಸೇವೆ. ಹಳೇ ಊರಿನಲ್ಲಿ ಅವರ ಹನ್ನೊಂದೂ ರೋಗಿಗಳು ಎರಡು ಓಣಿಯೊಳಗಿದ್ದರು. ಅಣೆಕಟ್ಟಿನ ಹಿನ್ನೀರು ಬಂದು ಓಣಿಗಳು ಖಾಲಿಯಾದ ಮೇಲೆ ಒಬ್ಬೊಬ್ಬರು ನವನಗರದ ಒಂದೊಂದು ಸೆಕ್ಟರಿಗೆ ಚದುರಿದ್ದಾರೆ. ಈಗ ದಿನಕ್ಕೆ ಎಂಟು ಕಿಲೋಮೀಟರ್ ನಡಿಗೆ. ಚೀಲದಲ್ಲಿ ಗುಳಿಗೆಯ ಜೊತೆ ವಿಧವಾ ವೇತನದ ಅರ್ಜಿಗಳೂ ಇರುತ್ತವೆ. "ಕೇಳ್ಕೋತ ಹೋದ್ರ ಮನಿ ಸಿಗತಾವ್ರಿ. ಹಳೀ ನೆರಿಮನಿ ಎಲ್ಲಿಂದ ತರೂದು?" ಎನ್ನುತ್ತಾರೆ ಅವರು.

ಹಳೇ ಊರಿನಲ್ಲಿ ಒಂಟಿ ರೋಷನಬಿಗೆ ರೊಟ್ಟಿ ಕೊಡುತ್ತಿದ್ದ ಪಕ್ಕದ ಮನೆಯ ರತ್ನವ್ವ ಬೇರೆ ಸೆಕ್ಟರಿಗೆ ಹೋದರು. ಖಾಲಿ ಹೊಟ್ಟೆಗೆ ಗುಳಿಗೆ ಬಿದ್ದರೆ ವಾಂತಿ. ನಾಲ್ಕನೆಯ ತಿಂಗಳಲ್ಲಿ ರೋಷನಬಿ ನುಂಗುವುದನ್ನೇ ನಿಲ್ಲಿಸಿದರು. ಇನ್ನಷ್ಟು ದಿನ ಹಾಗೇ ಬಿಟ್ಟಿದ್ದರೆ ಮತ್ತೆ ಮೊದಲಿನಿಂದ, ಸೂಜಿಯ ಸಮೇತ ಶುರು ಮಾಡಬೇಕಿತ್ತು.

ನೀಲಾಬಾಯಿ ಹೊಸ ನೆರೆಯ ಜಂಗಮ ರಾಚಯ್ಯನವರ ಮನೆಗೆ ಹೋದರು. "ಆ ಕೆಮ್ಮ ನಮ್ಮ ಮನಿಗಿ ಬಂದ್ರ ಏನ್ ಮಾಡೂದ್ರಿ?" ಎಂದರು ಅವರು. ನೀಲಾಬಾಯಿ ವಾದಕ್ಕೆ ನಿಲ್ಲಲಿಲ್ಲ. ರಾಚಯ್ಯನವರಿಗೆ ಕಾಣುವಂತೆ ರೋಷನಬಿಯ ಕಟ್ಟೆಯ ಮೇಲೆ ಕುಳಿತು, ಆಕೆ ಕುಡಿದಿಟ್ಟ ಕಪ್ಪಿನಲ್ಲಿ ಉಳಿದಿದ್ದ ಚಹಾ ಕುಡಿದರು.

"ಮೂರು ತಿಂಗಳ ಗುಳಿಗಿ ನುಂಗ್ಯಾಳ, ಇನ್ನ ಯಾರಿಗೂ ಹತ್ತಂಗಿಲ್ಲ. ನೀವು ಮನಿಮನಿ ಭಿಕ್ಷಾ ಬೇಡಿದ ಅಯ್ಯನೋರು. ಎರಡ ತಿಂಗಳ ನೀಡಿ ನೋಡ್ರಿ, ಕೈಯೇನ್ ಸವದ ಹೋಗಂಗಿಲ್ಲ!"

ರಾಚಯ್ಯ ನಕ್ಕುಬಿಟ್ಟರು. "ಈ ಬಾಯಾರ ನಾಲಿಗಿಗೆ ಯಾ ದವಾಖಾನ್ಯಾಗೂ ಔಷಧ ಇಲ್ಲ ಬಿಡ್ರಿ." ಮರುದಿನ ಆರು ಗಂಟೆಗೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ಬಂತು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ.

ಇವತ್ತು ಕೊನೆಯ ಗುಳಿಗೆ ನುಂಗಿದ ರೋಷನಬಿ ಸಂಕೋಚದಿಂದ ಹೇಳುತ್ತಾರೆ: "ನಾಳಿಂದ ರೊಟ್ಟಿ ಬ್ಯಾಡಂತ ಅಯ್ಯನೋರಿಗೆ ನೀವ ಹೇಳ್ರಿ ಬಾಯಾರ."

ಬಾಗಿಲ ಹೊರಗೇ ಇದ್ದ ರಾಚಯ್ಯ ಅಲ್ಲಿಂದಲೇ ಗದರುತ್ತಾರೆ: "ಗುಳಿಗಿ ಮುಗದ್ರ ಹೊಟ್ಟಿನೂ ಮುಗೀತೇನವಾ?"

ನೀಲಾಬಾಯಿ ಚೀಲ ಹೆಗಲಿಗೇರಿಸುತ್ತಾರೆ. ಇನ್ನೂ ಹತ್ತು ಮನೆ ಬಾಕಿ. ಮುಖ ಮಾತ್ರ ಅರಳಿದೆ.

"ಇನ್ನ ಈ ಮನಿಗಿ ನಾ ಬರೂದು ಬ್ಯಾಡಾತು ನೋಡ್ರಿ."